ಬಯಲು ಉಳಿಯಿತು, ಮನೆಯ ಪ್ರಶ್ನೆಯೂ ಉಳಿಯಿತು

ಅಮೆರಿಕದ ಡೆನ್ವರ್ ನಗರದ ಪಾರ್ಕ್ ಹಿಲ್ ಗಾಲ್ಫ್ ಮೈದಾನ 2018ರಲ್ಲಿ ಮುಚ್ಚಿತು. ಆ 155 ಎಕರೆ ನೆಲ ಉದ್ಯಾನವಾಗಬೇಕೇ, ಬಡಾವಣೆಯಾಗಬೇಕೇ ಎಂಬ ಜಗಳ ಮಾತ್ರ ಅನೇಕ ವರ್ಷ ನಡೆಯಿತು. ಮೇಲ್ನೋಟಕ್ಕೆ ಅದು ಹಸಿರಿನ ಪರ ಇರುವವರಿಗೂ ಸೂರಿನ ಪರ ಇರುವವರಿಗೂ ನಡೆದ ಹಗ್ಗಜಗ್ಗಾಟ. ಒಳಹೊಕ್ಕು ನೋಡಿದರೆ ಅಲ್ಲಿದ್ದುದು ಇನ್ನೊಂದು ಪ್ರಶ್ನೆ: ಸಾರ್ವಜನಿಕ ಹಣ ತೆತ್ತು ಪಡೆದ ಮಾತನ್ನು ಮುರಿಯುವ ಅಧಿಕಾರ ಯಾರದು?

ಕ್ಲೇಟನ್ ಟ್ರಸ್ಟಿಗೆ ಸೇರಿದ್ದ ಈ ನೆಲದಲ್ಲಿ ಕಟ್ಟಡಗಳು ಏಳಕೂಡದೆಂದು 1997ರಲ್ಲಿ ನಗರವು 20 ಲಕ್ಷ ಡಾಲರ್ ಕೊಟ್ಟು ಸಂರಕ್ಷಣಾ ಕರಾರು ಮಾಡಿಕೊಂಡಿತ್ತು. 2019ರಲ್ಲಿ ವೆಸ್ಟ್‌ಸೈಡ್ ಎಂಬ ಭೂ ಅಭಿವೃದ್ಧಿ ಸಂಸ್ಥೆ 2.4 ಕೋಟಿ ಡಾಲರಿಗೆ ಅದನ್ನು ಕೊಂಡಾಗಲೂ ಆ ಕರಾರು ಜೀವಂತವಾಗಿತ್ತು. ಕಟ್ಟಲಾಗದ ನೆಲಕ್ಕೂ ಕಟ್ಟಬಹುದಾದ ನೆಲಕ್ಕೂ ಬೆಲೆಯಲ್ಲಿರುವ ಅಂತರವೇ ಇಂಥ ವ್ಯವಹಾರದ ಲಾಭ. ಆ ಅಂತರ ಹುಟ್ಟುವುದು ಮಾಲೀಕನ ದುಡಿಮೆಯಿಂದಲ್ಲ, ಕರಾರನ್ನು ಕೈಬಿಡುವ ಸಾರ್ವಜನಿಕ ತೀರ್ಮಾನವೊಂದರಿಂದ.

ಹಾಗೆಂದು ಮನೆಗಳನ್ನು ಬಯಸಿದವರ ವಾದ ಪೊಳ್ಳಾಗಿರಲಿಲ್ಲ. ಈಶಾನ್ಯ ಪಾರ್ಕ್ ಹಿಲ್ ಕರಿಯರು ತಲೆಮಾರುಗಳಿಂದ ಬಾಳಿಕೊಂಡು ಬಂದ ಪ್ರದೇಶ. ಏರುವ ಬಾಡಿಗೆ ಅಲ್ಲಿನ ಹಳೆಯ ನಿವಾಸಿಗಳನ್ನು ಹೊರದಬ್ಬುತ್ತಿದೆ. ದಿನಸಿ ಅಂಗಡಿ ಬೇಕೆಂಬ ಬೇಡಿಕೆ ಹಳೆಯದು. ರೈಲು ನಿಲ್ದಾಣ ಹತ್ತಿರದಲ್ಲೇ ಇದೆ. ಕಡಿಮೆ ಆದಾಯದವರ ಕೈಗೆಟುಕುವ ಮನೆಗಳು, ದೊಡ್ಡ ಉದ್ಯಾನ, ದಿನಸಿ ಅಂಗಡಿಗೆ ಜಾಗ ಎಲ್ಲವೂ ಯೋಜನೆಯ ಭರವಸೆಗಳಲ್ಲಿದ್ದವು. ಆಗಿನ ಮೇಯರ್ ಮೈಕಲ್ ಹ್ಯಾನ್ಕಾಕ್ ಯೋಜನೆಯ ಪರ ನಿಂತರೆ, ನಗರದ ಮೊದಲ ಕರಿಯ ಮೇಯರ್ ವೆಲಿಂಗ್ಟನ್ ವೆಬ್ ವಿರುದ್ಧ ನಿಂತರು. ಒಂದೇ ಸಮುದಾಯದ ಹಿರಿಯರು ಎರಡೂ ಕಡೆ ಇದ್ದರು.

ಕೊನೆಗೆ ತೀರ್ಪು ಕೊಟ್ಟವರು ಮತದಾರರು. ಇಂಥ ಕರಾರಿರುವ ನೆಲದಲ್ಲಿ ಕಟ್ಟಲು ಇಡೀ ನಗರದ ಮತ ಪಡೆಯಬೇಕೆಂದು 2021ರಲ್ಲಿ ನಿಯಮ ಮಾಡಿದರು. 2023ರ ಏಪ್ರಿಲ್‌ನಲ್ಲಿ ಕರಾರು ಸಡಿಲಿಸುವ ಪ್ರಸ್ತಾಪವನ್ನು ನೂರಕ್ಕೆ ಸುಮಾರು 59 ಮಂದಿ ತಿರಸ್ಕರಿಸಿದರು. 2025ರ ಜನವರಿಯಲ್ಲಿ ಮೇಯರ್ ಮೈಕ್ ಜಾನ್‌ಸ್ಟನ್, ಬೇರೆಡೆಯ ನಗರದ ಭೂಮಿಯನ್ನು ಸಂಸ್ಥೆಗೆ ಕೊಟ್ಟು ಮೈದಾನವನ್ನು ಸಾರ್ವಜನಿಕ ಉದ್ಯಾನವಾಗಿಸುವ ವಿನಿಮಯವನ್ನು ಪ್ರಕಟಿಸಿದರು.

ಈ ತೀರ್ಪು ನ್ಯಾಯವಾದದ್ದು. ಭರವಸೆಗಳು ಎಷ್ಟೇ ಆಕರ್ಷಕವಾಗಿರಲಿ, ಕರಾರಿನ ನೆಲವನ್ನು ಕೊಂಡು ಆಮೇಲೆ ಕರಾರನ್ನೇ ಬದಲಿಸಿಕೊಳ್ಳುವುದು ರೂಢಿಯಾದರೆ ಯಾವ ಬಯಲೂ ಉಳಿಯದು. ಆದರೆ ‘ಬೇಡ’ ಎಂದವರ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ಉದ್ಯಾನದ ಪಕ್ಕದಲ್ಲಿ ಸ್ವಂತ ಮನೆಯಿದ್ದವರಿಗೆ ಆ ಮತದಿಂದ ಲಾಭವೂ ಉಂಟು. ಕಟ್ಟದೆ ಹೋದ ಮನೆಯಲ್ಲಿ ವಾಸಿಸಬೇಕಿದ್ದ ಕುಟುಂಬ ಯಾವ ಸಭೆಗೂ ಬರುವುದಿಲ್ಲ. ಅದರ ಹೆಸರು ಯಾರಿಗೂ ತಿಳಿಯುವುದಿಲ್ಲ.

ಅಮೆರಿಕದ ಉಪನಗರಗಳಲ್ಲಿ ನೆಲೆಸಿ ಮನೆ ಕೊಂಡಿರುವ ಅನಿವಾಸಿ ಕನ್ನಡಿಗರಿಗೆ ಈ ಮಾತು ದೂರದ್ದಲ್ಲ. ಊರಿನ ಅಗ್ರಹಾರ ಮತ್ತು ಕೇರಿಗಳ ನಡುವಿನ ಗೆರೆಯನ್ನು ಖಂಡಿಸಿ ಬರೆಯುವ ಲೇಖನಿ, ತಮ್ಮ ಬೀದಿಯ ತುದಿಯಲ್ಲಿ ಬಾಡಿಗೆ ಮನೆಗಳು ಏಳುವ ಸುದ್ದಿ ಬಂದಾಗ ವಾಹನ ದಟ್ಟಣೆ, ಶಾಲೆಯ ಗುಣಮಟ್ಟ, ‘ನೆರೆಹೊರೆಯ ಸ್ವರೂಪ’ ಎಂಬ ಸಭ್ಯ ಪದಗಳನ್ನು ಹುಡುಕತೊಡಗಿದರೆ, ಅಳಿಸಬೇಕೆಂದಿದ್ದ ಗೆರೆಯನ್ನೇ ಹೊಸ ನಾಡಿನಲ್ಲಿ ಎಳೆದಂತಾಗುತ್ತದೆ.

ಬಯಲನ್ನು ಉಳಿಸಿಕೊಂಡವರು ಮುಂದಿನ ಸಭೆಗೂ ಹೋಗಬೇಕು. ಕರಾರಿಲ್ಲದ ನೆಲದಲ್ಲಿ, ರೈಲು ಮತ್ತು ಬಸ್ಸಿನ ಹಾದಿಯಲ್ಲಿ, ತಮ್ಮದೇ ಬೀದಿಯಲ್ಲಿ ಬಹುಮಹಡಿ ಬಾಡಿಗೆ ಮನೆಗಳ ಪ್ರಸ್ತಾಪ ಬಂದಾಗ ಅದರ ಪರ ಕೈಯೆತ್ತಬೇಕು.