ಪದವಿಚಾರ: ಅಪವಾದ

ಭಾದ್ರಪದದ ಚೌತಿಯ ರಾತ್ರಿ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದೆಂಬ ಮಾತು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯ ಮನೆಗಳಲ್ಲಿ ಇಂದಿಗೂ ಉಂಟು. ಶ್ಯಮಂತಕ ಮಣಿಯನ್ನು ಕದ್ದನೆಂಬ ಅಪವಾದ ಶ್ರೀಕೃಷ್ಣನಿಗೆ ಬಂದ ಕಥೆಯನ್ನು ಹಿರಿಯರು ಅಂದು ಹೇಳುತ್ತಾರೆ. ಮಾಡದ ತಪ್ಪಿನ ಹೊರೆಯೇ ಇಲ್ಲಿ ಅಪವಾದ.

ಪದ ಸಂಸ್ಕೃತದ್ದು. 'ವಾದ'ವೆಂದರೆ ನುಡಿ, 'ಅಪ' ಸೇರಿ ಅದು ಕೆಟ್ಟ ನುಡಿಯಾಯಿತು. ಆದರೆ ಮಠದ ಪಾಠಶಾಲೆಯಲ್ಲಿ ನಮಗೆ ಈ ಪದ ಬೇರೊಂದು ಅರ್ಥದಲ್ಲಿ ಎದುರಾಯಿತು. ವ್ಯಾಕರಣದಲ್ಲಿ ಸಾಮಾನ್ಯ ವಿಧಿ ಉತ್ಸರ್ಗ. ಅದನ್ನು ಬಾಧಿಸುವ ವಿಶೇಷ ವಿಧಿ ಅಪವಾದ. ವೇದಾಂತದಲ್ಲಿ ಹಗ್ಗದ ಮೇಲೆ ಹಾವನ್ನು ಆರೋಪಿಸುವುದು ಅಧ್ಯಾರೋಪ. ವಿಚಾರದಿಂದ ಆ ಭ್ರಮೆಯನ್ನು ನೀಗುವುದು ಅಪವಾದ. ಶಾಸ್ತ್ರದಲ್ಲಿ ಇಲ್ಲದ್ದನ್ನು ತೆಗೆಯುವ ಪದವು ಲೋಕದ ಬಾಯಲ್ಲಿ ಇಲ್ಲದ್ದನ್ನು ಹೊರಿಸುವ ಪದವಾಗಿದೆ!

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಸೀತೆ ಕಾಡುಪಾಲಾದದ್ದು ಲೋಕಾಪವಾದದಿಂದ. ನುಡಿದವರು ಊರಿನಲ್ಲಿಯೇ ಉಳಿದರು. ಬಸವಣ್ಣನವರು ಭಂಡಾರದ ಹಣವನ್ನು ಜಂಗಮರಿಗೆ ಸವೆಸಿದರೆಂದು ಬಿಜ್ಜಳನಲ್ಲಿ ಚಾಡಿ ಹೇಳಿದವರಿದ್ದರು. ಎಣಿಸಿ ನೋಡಿದಾಗ ಹೊನ್ನು ಕುಂದಿರಲಿಲ್ಲವೆಂಬುದು ಪುರಾಣದ ಕಥೆ. ಹೊನ್ನನ್ನು ಎಣಿಸಬಹುದು, ಒಬ್ಬ ಹೆಣ್ಣುಮಗಳ ಹೆಸರನ್ನು ಯಾವ ಲೆಕ್ಕದಿಂದ ತೋರಿಸುವುದು?

ಕೆಲವು ವರ್ಷಗಳ ಹಿಂದೆ ಮದ್ದೂರಿನ ಕಡೆಯ ಮನೆಯೊಂದಕ್ಕೆ ಮಳವಳ್ಳಿಯಿಂದ ಬಂದ ಸಂಬಂಧ ನಿಶ್ಚಿತಾರ್ಥಕ್ಕೆ ಮೊದಲೇ ಮುರಿಯಿತು. ಹುಡುಗಿಯ ವಿಷಯದಲ್ಲಿ ಯಾರೋ ಆಡಿದ ಮಾತು ಕಾರಣ. ಅದು ಸುಳ್ಳೆಂದು ತಿಳಿಯುವಷ್ಟರಲ್ಲಿ ವರನಿಗೆ ಬೇರೆಡೆ ಮದುವೆಯಾಗಿತ್ತು. "ಯಾರನ್ನು ಕೇಳಲಿ, ಅಯ್ಯನವರೇ? ಎಲ್ಲರೂ ಕೇಳಿದವರೇ, ಆಡಿದವರು ಯಾರೂ ಇಲ್ಲ" ಎಂದು ಹುಡುಗಿಯ ತಂದೆ ನಮ್ಮೆದುರು ಕಣ್ಣೊರೆಸಿಕೊಂಡರು.

ನಾವು ತಲೆ ತಗ್ಗಿಸಿದೆವು. ಮಂಡ್ಯದ ಮದುವೆಮನೆಯೊಂದರ ಪಂಕ್ತಿಯಲ್ಲಿ ಆ ಮಾತು ನಮ್ಮ ಕಿವಿಗೂ ಬಿದ್ದಿತ್ತು. "ಹೌದೇ?" ಎಂದು ಪಕ್ಕದವರನ್ನು ಕೇಳಿದ್ದೆವು. ವಿಚಾರಿಸಿದೆವೆಂದೇ ನಾವು ತಿಳಿದಿದ್ದೆವು. ನಮ್ಮ ಪ್ರಶ್ನೆಯಿಂದಲೇ ಆ ಮಾತು ಮುಂದಿನ ಎಲೆಗೆ ದಾಟಿತ್ತು. ಇದನ್ನು ಆ ತಂದೆಗೆ ತಿಳಿಸಿ ಕ್ಷಮೆ ಬೇಡಿದೆವು. ಅವರು ಮರುಮಾತಾಡಲಿಲ್ಲ.

ಹಗ್ಗವನ್ನು ಹಾವೆಂದವರಿಗೆ ದೀಪ ಹಿಡಿದು ತೋರಿಸಬೇಕು, "ಹಾವಂತೆ, ಹೌದೇ?" ಎಂದು ಬೀದಿಯಲ್ಲಿ ಕೇಳುತ್ತ ಹೋದರೆ ಹಾವು ಬೆಳೆಯುತ್ತದೆ. ಮದುವೆಯ ಮಾತುಕತೆಯಲ್ಲಿ ಅನುಮಾನ ಬಂದರೆ ಆ ಮನೆಯವರನ್ನೇ ಮರ್ಯಾದೆಯಿಂದ ಕೇಳೋಣ. ನಮಗೆ ಸಂಬಂಧವಿಲ್ಲದ ಮಾತಾದರೆ ನಮ್ಮಲ್ಲಿಯೇ ನಿಲ್ಲಿಸೋಣ. 'ಅಪವಾದ'ದ ಶಾಸ್ತ್ರಾರ್ಥವನ್ನು ಸಂಸಾರಿಗಳೂ ಆಚರಿಸಬಹುದಾದ ಬಗೆ ಇದು.