ಚೋಮನಿಗೆ ಕಣ್ಣೀರು ಬೇಡ

ನಮ್ಮ ಬಿ.ಎ. ತರಗತಿಯಲ್ಲಿ 'ಚೋಮನ ದುಡಿ' ಪಾಠವಾಯಿತು. ಚೋಮ ದುಡಿ ಬಡಿಯುತ್ತಾ ಸಾಯುವಲ್ಲಿ ಮೇಷ್ಟ್ರ ಕಣ್ಣು ಒದ್ದೆಯಾಯಿತು. 'ಎಂಥ ದುರಂತ, ಎಂಥ ಸೌಂದರ್ಯ!' ಅಂದರು. ಹಿಂದಿನ ಬೆಂಚಿನಲ್ಲಿ ಕುಂತಿದ್ದ ನಮಗೆ ಅಳು ಬರಲಿಲ್ಲ. ನಮ್ಮ ಅಪ್ಪಂದಿರು ಅವತ್ತೂ ಯಾರದೋ ಗದ್ದೆಯಲ್ಲಿ ಬಗ್ಗಿದ್ದರು.

ನಮ್ಮ ಜಗಳ ಶಿವರಾಮ ಕಾರಂತರ ಮೇಲಲ್ಲ. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿಯೂ 1933ರಲ್ಲೇ ಹೊಲೆಯನ ಹಸಿವಿನ ಬುಡ ಎಲ್ಲಿದೆ ಅಂತ ಕಂಡವರು ಅವರು. ಚೋಮ ಕೇಳಿದ್ದು ದಯೆಯನ್ನಲ್ಲ, ಬೇಸಾಯಕ್ಕೆ ಒಂದು ತುಂಡು ಗದ್ದೆಯನ್ನು. ಅವನಿಗೆ ಎತ್ತುಗಳಿದ್ದವು, ರಟ್ಟೆಯಿತ್ತು. ಒಡೆಯ ಸಂಕಪ್ಪಯ್ಯನ ಮನಸ್ಸು ಕೊಂಚ ಮೆತ್ತಗಾದರೂ ತಾಯಿ ಅಡ್ಡ ಬಂದಳು. ಹೊಲೆಯ ಬೇಸಾಯಗಾರನಾದರೆ ಸಂಪ್ರದಾಯದ ಗತಿಯೇನು? ಅಲ್ಲಿಗೆ ಮುಗೀತು. ಕಾಫಿ ತೋಟದ ಸಾಲ ಒಬ್ಬ ಮಗನನ್ನು ಜ್ವರಕ್ಕೆ ಕೊಟ್ಟಿತು, ಮಗಳನ್ನು ತೋಟದ ರೈಟರನ ಕೈಗೆ ಕೊಟ್ಟಿತು. ಇನ್ನೊಬ್ಬ ಮಗ ನೀರಲ್ಲಿ ಮುಳುಗುವಾಗ ದಡದಲ್ಲಿದ್ದವರು ಮೈಲಿಗೆಗೆ ಹೆದರಿ ನಿಂತರು. ಪಾದ್ರಿಯ ಹತ್ತಿರ ಹೋಗೋಣವೆಂದರೆ ದೈವದ ಭಯ ಚೋಮನನ್ನೇ ಹಿಂದಕ್ಕೆಳೆಯಿತು. ಕಟ್ಟಳೆ ಅಂದ್ರೆ ಇದೇ ಕಣ್ರೀ. ಒಡೆಯನ ಗದ್ದೆ ಕಾಯುವುದೂ ಅದೇ, ಆಳಿನ ಕೊರಳು ಬಿಗಿಯುವುದೂ ಅದೇ.

ಜಗಳ ಅದನ್ನು ಓದಿ ಅಳುವವರ ಮೇಲೆ. 1975ರಲ್ಲಿ ಬಿ.ವಿ. ಕಾರಂತರ ಸಿನಿಮಾ ಬಂತು, ಸ್ವರ್ಣಕಮಲ ಪಡೆಯಿತು. ಅಷ್ಟೊತ್ತಿಗೆ 1974ರ ಭೂಸುಧಾರಣೆ ಜಾರಿಗೆ ಬಂದಿತ್ತು. 'ಉಳುವವನೇ ಹೊಲದೊಡೆಯ' ಅಂತ ಚಪ್ಪಾಳೆ ಬಿತ್ತು. ಆದರೆ ಆ ಕಾನೂನಿನಲ್ಲಿ ಹೊಲ ಸಿಕ್ಕಿದ್ದು ಗೇಣಿದಾರನಿಗೆ. ಚೋಮನನ್ನು ಗೇಣಿದಾರನಾಗಲು ಜಾತಿ ಬಿಟ್ಟಿತ್ತೇನು? ಭೂನ್ಯಾಯಮಂಡಳಿಯ 7ನೇ ನಂಬರ್ ಫಾರಂನಲ್ಲಿ ಅವನು ಏನಂತ ಬರೆಯಬೇಕಿತ್ತು? ಕನಸಿನಲ್ಲಿ ಉತ್ತಿದ್ದೇನೆ ಅಂತಲೇ? 2020ರಲ್ಲಿ 79ಎ, 79ಬಿ ಕಲಂ ಕಿತ್ತುಹಾಕಿ, ಬೇಸಾಯ ಗೊತ್ತಿಲ್ಲದ ದುಡ್ಡಿನವನೂ ಹೊಲ ಕೊಳ್ಳಬಹುದು ಅಂದರು. ಚೋಮನಿಗೆ ಅತ್ತ ಕಣ್ಣುಗಳಲ್ಲಿ ಅವತ್ತು ಎಷ್ಟು ಬೀದಿಗೆ ಬಂದವು?

ಹಾಗಾದರೆ ಹೊರಗಿಟ್ಟವರ ಬದುಕನ್ನು ಇದ್ದ ಹಾಗೆ ಬರೆಯುವ ಕತೆ ಬೇಡವೇ? ಬೇಕು. ದೇವನೂರ ಮಹಾದೇವರ 'ಒಡಲಾಳ' ನೋಡಿ. ಸಾಹುಕಾರನ ಕಡಲೆಕಾಯಿ ಸಾಕವ್ವನ ಮನೆಗೆ ಬರುತ್ತೆ. ಇಡೀ ಸಂಸಾರ ಸುತ್ತ ಕುಂತು ತಿಂದು ಮುಗಿಸುತ್ತೆ. ಪೊಲೀಸರು ಬಂದು ಮನೆಯೆಲ್ಲ ಹುಡುಕಿದರೂ ಕಡಲೆಕಾಯಿ ಸಿಗಲ್ಲ. ಅಲ್ಲಿ ಹಸಿವಿದೆ, ಜೊತೆಗೆ ರುಚಿಯಿದೆ, ನಗುವಿದೆ. ಅಯ್ಯೋ ಪಾಪ ಅನ್ನಲು ಬಂದವನಿಗೆ ಆ ಮನೆಯಲ್ಲಿ ಕೂರಲು ಜಾಗವಿಲ್ಲ. ಓದಿದಾಗ ನಮಗೆ ನಮ್ಮವ್ವನ ಒಲೆ ನೆನಪಾಯಿತು.

ಹಳ್ಳಿ ಶಾಲೆಯ ಮೇಷ್ಟ್ರೇ, ಗೆಳೆಯರೇ, ಮುಂದಿನ ಸಲ ಚೋಮನ ಪಾಠ ಮಾಡುವಾಗ ಬೋರ್ಡಿನ ಮೇಲೆ 'ದುರಂತ' ಅಂತ ಬರೆಯಬೇಡಿ. ನಿಮ್ಮೂರಿನ ಪಹಣಿ ತರಿಸಿ. ಕೇರಿಯವರ ಹೆಸರಿನಲ್ಲಿ ಎಷ್ಟು ಎಕರೆ ಇದೆ ಅಂತ ಹುಡುಗರ ಕೈಲಿ ಕೂಡಿಸಿ. ಆ ಲೆಕ್ಕ ಮುಗಿದ ಮೇಲೆ ದುಡಿಯ ಸದ್ದು ಕೇಳಿ. ಅವನು ಯಾಕೆ ಬಡೀತಿದ್ದ ಅಂತ ಆಗ ಗೊತ್ತಾಗುತ್ತೆ.