ಎನ್.ಎ.ಗೆ ಮುನ್ನ ಒಂದು ಕಂದಕ

ಬೇಸಾಯದ ಜಮೀನು ಬಡಾವಣೆಯೋ ಹೆದ್ದಾರಿಯೋ ಆಗುವ ಮುನ್ನ ಅಲ್ಲಲ್ಲಿ ಉದ್ದನೆಯ ಕಿರಿದಾದ ಕಂದಕ ತೋಡಿ, ಹಳೆಯ ನೆಲೆಯ ಕುರುಹು ಇದೆಯೇ ಎಂದು ನೋಡುವುದು ಪರೀಕ್ಷಾ ಉತ್ಖನನ. ಉತ್ತ ಮಣ್ಣನ್ನು ಕೆರೆದು ತೆಗೆದರೆ ಕೆಳಗಿನ ಗುಣಿ, ಒಲೆ, ಕಂಬ ನೆಟ್ಟ ಕುಳಿಗಳು ಮಣ್ಣಿನ ಬಣ್ಣದಿಂದಲೇ ಗುರುತು ಸಿಗುತ್ತವೆ. ಇಂಗ್ಲೆಂಡಿನಲ್ಲಿ 1990ರ ಯೋಜನಾ ಮಾರ್ಗಸೂಚಿಯ ನಂತರ ಇದು ವಾಡಿಕೆಯಾಯಿತು. ಜಮೀನಿನ ನೂರಕ್ಕೆ ಎರಡರಿಂದ ಐದು ಪಾಲು ತೋಡುವುದು ಅಲ್ಲಿನ ರೂಢಿ. ಖರ್ಚು ಕಟ್ಟಡ ಕಟ್ಟುವವರದು.

ಭಾರತದ ಕಾನೂನು ಬೇರೆ ದಿಕ್ಕಿನಿಂದ ಹೊರಡುತ್ತದೆ. 1958ರ ಪುರಾತತ್ವ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆಯ 200 ಮೀಟರ್ ನಿಯಂತ್ರಿತ. ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಈ ರಕ್ಷಣೆ. ಗೋಡೆ, ಶಿಖರ, ಶಾಸನ ಇಲ್ಲದ ಇತಿಹಾಸಪೂರ್ವ ನೆಲೆ ಯಾರೋ ಅಗೆದು ನೋಡುವ ತನಕ ಪಟ್ಟಿಗೆ ಸೇರುವುದಾದರೂ ಹೇಗೆ?

ಬೆಳಗಾವಿ ಜಿಲ್ಲೆಯ ಸಂಕೇಶ್ವರದಲ್ಲಿ ಈ ಪ್ರಶ್ನೆಗೆ ಹೆಚ್ಚು ತೂಕವಿದೆ. ಊರು ಹಿರಣ್ಯಕೇಶಿಯ ದಂಡೆಯಲ್ಲಿದೆ. ಆ ನದಿ ಸೇರುವ ಘಟಪ್ರಭೆಯ ಕಣಿವೆಯಲ್ಲಿ ಹಳೆ ಶಿಲಾಯುಗದ ಉಪಕರಣಗಳು ಸಿಕ್ಕಿವೆ, ಕೆಳಹರಿವಿನ ಅನಗವಾಡಿಯಲ್ಲಿ ಆರ್.ಎಸ್. ಪಪ್ಪು ಉತ್ಖನನವನ್ನೂ ನಡೆಸಿದ್ದಾರೆ. ಇತ್ತ ಪುಣೆ–ಬೆಂಗಳೂರು ಹೆದ್ದಾರಿಯನ್ನು ಆರು ಪಥಕ್ಕೆ ಅಗಲಿಸುವ ಕೆಲಸ ಈ ಭಾಗಕ್ಕೂ ಬಂದಿದೆ. ಹೆದ್ದಾರಿ ಹಾದ ಕಡೆ ಹೊಲಗಳು ಎನ್.ಎ. (ಕೃಷಿಯೇತರ) ಆಗಿ ಪ್ಲಾಟುಗಳಾಗುವುದು ಹೊಸತೇನಲ್ಲ.

ಹೊಲದಲ್ಲಿ ನಡೆದು ನೋಡಿದರೆ ಸಾಲದೇ ಎನ್ನಬಹುದು. ಎರೆ ಭೂಮಿಯಲ್ಲಿ ಸಾಲದು. ಬೇಸಿಗೆಯಲ್ಲಿ ಅದು ಬಿರಿದಾಗ ಮೇಲಿನ ಚೂರುಗಳು ಬಿರುಕಿಗೆ ಬೀಳುತ್ತವೆ, ಮಳೆಗೆ ಉಬ್ಬಿ ಮಣ್ಣು ತಾನೇ ಮಗುಚಿಕೊಳ್ಳುತ್ತದೆ. ನದಿಯಂಚಿನಲ್ಲಿ ಮೆಕ್ಕಲು ಎಲ್ಲವನ್ನೂ ಮುಚ್ಚಿರಬಹುದು. ಮೇಲಾಗಿ ಬೇಸಾಯದ ಇತಿಹಾಸಕ್ಕೆ ಬೇಕಾದ ಸಾಕ್ಷ್ಯ ಬರಿಗಣ್ಣಿಗೆ ಬೀಳುವಂಥದ್ದೇ ಅಲ್ಲ. 1965ರಲ್ಲಿ ಎಂ.ಎಸ್. ನಾಗರಾಜ ರಾವ್ ಉತ್ಖನನ ಮಾಡಿದ ತುಂಗಭದ್ರೆಯ ದಂಡೆಯ ಹಳ್ಳೂರು, ಬಳ್ಳಾರಿಯ ಸಂಗನಕಲ್ಲು ಮೊದಲಾದ ನೆಲೆಗಳ ಮಣ್ಣನ್ನು ಮುಂದೆ ನೀರಿನಲ್ಲಿ ತೇಲಿಸಿ ಸೋಸಿದಾಗ ಸುಟ್ಟು ಕರಿಕಾದ ಹುರುಳಿ, ಹೆಸರು, ಕಿರುಧಾನ್ಯಗಳು ದೊರೆತವು. ದಕ್ಷಿಣ ಭಾರತದ ನವಶಿಲಾಯುಗದ ರೈತ ಏನು ಬೆಳೆದ ಎಂಬುದು ತಿಳಿದದ್ದು ಇಂಥ ಕಾಳುಗಳಿಂದ. ಜೆಸಿಬಿ ಎತ್ತಿ ಹಾಕಿದ ಮಣ್ಣಿನ ರಾಶಿಯಲ್ಲಿ ಕಾಳು ಸಿಕ್ಕರೂ ಅದು ಯಾವ ಸ್ತರದ್ದೆಂದು ಹೇಳಲಾಗದು.

ರೈತರ ಅಂಜಿಕೆ ಮಾತ್ರ ನಿಜವಾದದ್ದು: ಏನಾದರೂ ಸಿಕ್ಕರೆ ಜಮೀನು ಸರ್ಕಾರದ ಪಾಲಾದೀತು, ಮಾರಾಟ ನಿಂತೀತು. ಅದಕ್ಕೇ ಪರೀಕ್ಷೆಗೆ ದಿನಗಳ ಗಡುವು ಇರಬೇಕು, ವೆಚ್ಚ ಲೇಔಟ್ ಮಾಡುವವರ ಅಥವಾ ರಸ್ತೆ ನಿರ್ಮಿಸುವವರ ಹೆಗಲಿಗೆ ಬೀಳಬೇಕು. ಸಿಕ್ಕದ್ದನ್ನೆಲ್ಲ ಉಳಿಸಲೇಬೇಕೆಂದೂ ಇಲ್ಲ. ಬಹಳಷ್ಟು ಕಡೆ ಅಳೆದು, ಚಿತ್ರಿಸಿ, ಮಾದರಿ ತೆಗೆದುಕೊಂಡು ನೆಲವನ್ನು ಬಿಟ್ಟುಕೊಡಬಹುದು.

ಕಂದಕಕ್ಕೂ ಮಿತಿಯಿದೆ. ಬೇಟೆಗಾರರ ತಂಗುದಾಣದಂಥ ಸಣ್ಣ ನೆಲೆ ಎರಡು ಕಂದಕಗಳ ನಡುವೆ ಉಳಿದುಬಿಡಬಹುದು. ಹಳೆ ಶಿಲಾಯುಗದ ಜಲ್ಲಿ ಪದರ ಕಂದಕದ ಆಳಕ್ಕೆ ಎಟಕದೆ ಹೋಗಬಹುದು. ಆದ್ದರಿಂದ ನದಿಯಂಚಿನ ಜಮೀನಿನಲ್ಲಿ ಕಂದಕದ ಜೊತೆಗೆ ಕೆಲವು ಆಳದ ಗುಂಡಿಗಳನ್ನೂ ತೋಡಬೇಕಾಗುತ್ತದೆ.